ಹಳೆಯ ಸ್ಪ್ಯಾನರ್ ಹೇಳುವ ಕಥೆ

ಗ್ಯಾರೇಜಿನಲ್ಲಿ ಬಸ್ಸಿನ ಚಕ್ರ ಬಿಚ್ಚುವುದನ್ನು ನೀವು ನೋಡಿರಬಹುದು. ಮೆಕ್ಯಾನಿಕ್ ನಟ್ಟನ್ನು ಒಮ್ಮೆ ನೋಡಿ, ಪೆಟ್ಟಿಗೆಯಿಂದ ಸರಿಯಾದ ಸ್ಪ್ಯಾನರನ್ನೇ ಎತ್ತಿಕೊಳ್ಳುತ್ತಾರೆ. ಅದೇ ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡಿದ ಕೆಲವು ಹಳೆಯ ಉಪಕರಣಗಳೂ ಬಿದ್ದಿರುತ್ತವೆ. ಈಗಿನ ಗಾಡಿಗಳ ನಟ್ಟಿಗೆ ಅವು ಸರಿಹೊಂದುವುದಿಲ್ಲ. ಹಾಗಾಗಿ ಒಂದು ದಿನ ಅವು ಗುಜರಿ ಅಂಗಡಿಗೆ ಹೋಗುತ್ತವೆ. ಅಲ್ಲಿಂದ ಕಬ್ಬಿಣ ಕರಗಿಸುವ ಕುಲುಮೆಗೆ! ಅವು ಯಾವ ಕಾಲದವು, ಯಾವ ದೇಶದಿಂದ ಬಂದವು, ಯಾವ ಗಾಡಿಗೆ ಬಳಕೆಯಾಗುತ್ತಿದ್ದವು ಎಂಬ ಮಾಹಿತಿಯೂ ಜೊತೆಗೇ ಕರಗಿಹೋಗುತ್ತದೆ. ಅದಕ್ಕೆ ಮೊದಲು ಅವುಗಳನ್ನು ಓದುವುದು ಹೇಗೆಂದು ತಿಳಿಯೋಣ.

ಮಂಗಳೂರಿಗೆ ಮೋಟಾರು ಬಂತು

1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಮಂಗಳೂರು ಮತ್ತು ಬಂಟ್ವಾಳದ ನಡುವೆ ಬಸ್ಸು ಓಡಿಸತೊಡಗಿತು. ಹಿರಿಯರು ಇದನ್ನು ಸಿ.ಪಿ.ಸಿ. ಎಂದೇ ಕರೆಯುತ್ತಿದ್ದರು. ಆಗಿನ ಬಸ್ಸು, ಕಾರುಗಳು ಹೊರದೇಶಗಳಿಂದ ಬರುತ್ತಿದ್ದವು. ಅವುಗಳನ್ನು ಬಿಚ್ಚಿ ಜೋಡಿಸುವ ಉಪಕರಣಗಳೂ ಹಡಗಿನಲ್ಲೇ ಬರುತ್ತಿದ್ದವು. ಬಸ್ಸುಗಳು ಹೆಚ್ಚಿದಂತೆ ಅವುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳೂ ಹೆಚ್ಚಿದವು. 1940ರ ದಶಕದಲ್ಲಿ ಆರಂಭವಾದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಪಟ್ಟಿ ಸ್ಪ್ರಿಂಗುಗಳನ್ನು ಮಂಗಳೂರಿನಲ್ಲೇ ತಯಾರಿಸಿತು. ಇಂತಹ ಊರಿನ ಹಳೆಯ ಗ್ಯಾರೇಜುಗಳಲ್ಲಿ ಹಲವು ದೇಶಗಳ ಉಪಕರಣಗಳು ಸಿಗುವುದು ಆಶ್ಚರ್ಯವೇನಲ್ಲ.

ಬರೆದದ್ದು ಕಾಲು ಅಂಗುಲ, ಬಾಯಿ ಅರ್ಧಕ್ಕೂ ಹೆಚ್ಚು!

ಹಳೆಯ ಸ್ಪ್ಯಾನರ್ ಒಂದರ ಮೇಲೆ 1/4 ಎಂದೂ ಅದರ ಪಕ್ಕದಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರವೂ ಇದೆ ಎಂದಿಟ್ಟುಕೊಳ್ಳಿ. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್. ಆದರೆ ಅದರ ಬಾಯಿಯನ್ನು ಅಳೆದರೆ ಸುಮಾರು 13.3 ಮಿಲಿಮೀಟರ್ ಇರುತ್ತದೆ. ಹಾಗಾದರೆ ಬರೆದದ್ದು ತಪ್ಪೇ?

ತಪ್ಪಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯೂ ತನಗೆ ಬೇಕಾದ ಅಳತೆಯಲ್ಲಿ ಬೋಲ್ಟು ಮಾಡುತ್ತಿತ್ತು. ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಹಿಡಿಯುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರ್, ಎಲ್ಲರೂ ಒಂದೇ ಬಗೆಯ ತಿರುಪು ಬಳಸಬೇಕೆಂದು ಸೂಚಿಸಿದರು. ಡಬ್ಲ್ಯೂ ಎಂಬುದು ಅವರ ಹೆಸರಿನ ಮೊದಲ ಅಕ್ಷರ. ಈ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆಯುತ್ತಿದ್ದದ್ದು ಬೋಲ್ಟಿನ ಕಾಂಡದ ದಪ್ಪವನ್ನು, ಬಾಯಿಯ ಅಗಲವನ್ನಲ್ಲ. ಬೋಲ್ಟಿನ ತಲೆ ಕಾಂಡಕ್ಕಿಂತ ಅಗಲ ತಾನೇ? ಆದ್ದರಿಂದ ಬಾಯಿಯೂ ಅಗಲ.

ಮುಂದೆ ಇನ್ನೊಂದು ಪದ್ಧತಿ ಬಂತು. ಅದರ ಗುರುತು ಎ.ಎಫ್. ಇದರಲ್ಲಿ ಬರೆದದ್ದು ನಟ್ಟಿನ ಎದುರುಬದುರು ಮುಖಗಳ ನಡುವಿನ ಅಂತರ, ಅಂದರೆ ಬಾಯಿಯ ಅಗಲವೇ. ಮೆಟ್ರಿಕ್ ಸ್ಪ್ಯಾನರುಗಳೂ ಹಾಗೆಯೇ. ಅವುಗಳಲ್ಲಿ ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತದೆ.

ಗುರುತು ಮತ್ತು ಬಾಯಿಯ ಅಗಲ (ಸುಮಾರಾಗಿ)
1/4 ಡಬ್ಲ್ಯೂ – 13.3 ಮಿ.ಮೀ.
5/16 ಡಬ್ಲ್ಯೂ – 15.2 ಮಿ.ಮೀ.
3/8 ಡಬ್ಲ್ಯೂ – 18.0 ಮಿ.ಮೀ.
7/16 ಎ.ಎಫ್. – 11.1 ಮಿ.ಮೀ.
1/2 ಎ.ಎಫ್. – 12.7 ಮಿ.ಮೀ.

13.3 ಮಿ.ಮೀ. ಅಗಲದ ನಟ್ಟಿಗೆ 13 ಮಿ.ಮೀ. ಸ್ಪ್ಯಾನರ್ ಹೋಗುವುದಿಲ್ಲ. 14ರದ್ದು ಹೋಗುತ್ತದೆ, ಆದರೆ ಸಡಿಲ. ಬಲ ಹಾಕಿ ತಿರುಗಿಸಿದರೆ ಅದು ಮೂಲೆಗಳ ಮೇಲಷ್ಟೇ ಒತ್ತಿ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಆ ನಟ್ಟನ್ನು ಸರಿಯಾಗಿ ಬಿಗಿಯಲೂ ಆಗದು, ಬಿಚ್ಚಲೂ ಆಗದು. ಓಡುವ ಗಾಡಿಯಲ್ಲಿ ಇದು ಜೀವಕ್ಕೇ ಅಪಾಯ. ಅಂಬಾಸಿಡರ್ ಕಾರಿನ ನಟ್ಟುಗಳು ಅಂಗುಲದ ಅಳತೆಯವು, ಫಿಯಟ್ ಕಾರಿನವು ಮಿಲಿಮೀಟರಿನವು. ಅದಕ್ಕೇ ಎರಡನ್ನೂ ದುರಸ್ತಿ ಮಾಡುವವರು ಎರಡು ಬಗೆಯ ಸ್ಪ್ಯಾನರುಗಳನ್ನೂ ಇಟ್ಟುಕೊಳ್ಳಬೇಕಿತ್ತು.

ಕಾಲ ತಿಳಿಸುವ ಗುರುತುಗಳು

ಉಪಕರಣದ ಮೇಲಿನ ಅಕ್ಷರಗಳು ಅದರ ವಯಸ್ಸಿನ ಸುಳಿವು ಕೊಡುತ್ತವೆ. 'ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು 1949 ಮತ್ತು 1990ರ ನಡುವಿನದು. ಏಕೆಂದರೆ ಆ ಹೆಸರಿನ ದೇಶ ಇದ್ದದ್ದೇ ಆಗ. ಐ.ಎಸ್.ಐ. ಮುದ್ರೆ ಇದ್ದರೆ ಅದು ಸ್ವಾತಂತ್ರ್ಯ ಬಂದ ನಂತರದ್ದು. ನಾಯಿಯ ಚಿತ್ರವಿದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ 'ಕಿಂಗ್ ಡಿಕ್' ಉಪಕರಣ ಇರಬಹುದು. ಫೋರ್ಡ್ ಎಂಬ ಹೆಸರಿದ್ದರೆ ಆ ಕಂಪನಿಯ ಕಾರಿನ ಜೊತೆಗೆ ಬಂದದ್ದಿರಬಹುದು. ಫೋರ್ಡ್‌ನ ಪ್ರಸಿದ್ಧ ಟಿ ಮಾದರಿ ಕಾರು 1908ರಿಂದ 1927ರವರೆಗೆ ತಯಾರಾಯಿತು. ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ಆಕಾರ, ಅಳತೆ, ಹೆಸರು ಮೂರನ್ನೂ ಕೂಡಿಸಿ ನೋಡಿ.

ಇನ್ನೂ ಏನೇನು ಸಿಗಬಹುದು?

ಸ್ಟಾರ್ಟಿಂಗ್ ಹ್ಯಾಂಡಲ್: ಎರಡು ಕಡೆ ಬಾಗಿದ ಉದ್ದನೆಯ ಸರಳು. ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಲು ಬಳಸುತ್ತಿದ್ದರು. ಎಂಜಿನ್ ಕೆಲವೊಮ್ಮೆ ಹಿಮ್ಮುಖವಾಗಿ ಒದ್ದು ಕೈ ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಹಿಡಿಯ ಸುತ್ತ ಹಾಕದೆ ಉಳಿದ ಬೆರಳುಗಳ ಬದಿಗೇ ಇಡುತ್ತಿದ್ದರು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಆದರೂ ಬ್ಯಾಟರಿ ಕೈಕೊಟ್ಟಾಗ ಬೇಕಾದೀತೆಂದು ಹ್ಯಾಂಡಲ್ ಬಹಳ ಕಾಲ ಗಾಡಿಯಲ್ಲೇ ಉಳಿಯಿತು.

ಸ್ಕ್ರೂ ಜಾಕ್: ಇದರ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ತಿರುಪು ಕೆಲವೇ ಮಿಲಿಮೀಟರ್ ಮೇಲೇರುತ್ತದೆ. ಹಿಡಿ 21 ಸೆಂ.ಮೀ. ಉದ್ದವಿದ್ದರೆ ಕೈ ಒಂದು ಸುತ್ತಿಗೆ 132 ಸೆಂ.ಮೀ. ಸಾಗುತ್ತದೆ. ಆಗ ತಿರುಪು 6 ಮಿ.ಮೀ. ಏರಿದರೆ ಬಲ 220 ಪಟ್ಟು ಹೆಚ್ಚಬೇಕು. ಘರ್ಷಣೆಯಿಂದಾಗಿ ಅಷ್ಟು ಸಿಗುವುದಿಲ್ಲ. ಆದರೂ ಒಬ್ಬರೇ ಕಾರು ಎತ್ತಲು ಸಾಕಾಗುತ್ತದೆ.

ಫೀಲರ್ ಗೇಜ್: ಬೀಸಣಿಗೆಯಂತೆ ಬಿಡಿಸಬಹುದಾದ ತೆಳು ಉಕ್ಕಿನ ಪಟ್ಟಿಗಳು. ಎಂಜಿನಿನ ಸಣ್ಣ ಸಂದುಗಳನ್ನು ಅಳೆಯಲು ಬೇಕು. ಪ್ರತಿ ಪಟ್ಟಿಯ ಮೇಲೂ ಅದರ ದಪ್ಪ ಬರೆದಿರುತ್ತದೆ.

ಕಡಲ ಊರಿನ ಶತ್ರು

ಕಬ್ಬಿಣ, ಗಾಳಿಯ ಆಮ್ಲಜನಕ ಮತ್ತು ನೀರು ಸೇರಿದರೆ ತುಕ್ಕು. ಉಪ್ಪು ಇದ್ದರೆ ಅದು ಇನ್ನೂ ಬೇಗ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಡಲ ಗಾಳಿಯಲ್ಲಿ ಉಪ್ಪೂ ಇದೆ. ಆದ್ದರಿಂದ ಇಲ್ಲಿ ಉಪಕರಣದ ಅಕ್ಷರಗಳು ಬೇಗ ಅಳಿಸಿಹೋಗುತ್ತವೆ.

ತುಕ್ಕು ತೆಗೆಯುವ ಆತುರದಲ್ಲಿ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಹುಣಸೆಹುಳಿಯಲ್ಲಿ ರಾತ್ರಿಯಿಡೀ ನೆನೆಸಲೂ ಬೇಡಿ. ಉಜ್ಜಿದರೆ ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ. ಹುಳಿಯ ಆಮ್ಲ ತುಕ್ಕನ್ನಷ್ಟೇ ಅಲ್ಲ, ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಒಣ ಬ್ರಷ್‌ನಿಂದ ಧೂಳು ತೆಗೆದು, ಬಟ್ಟೆಯಿಂದ ತೆಳುವಾಗಿ ಮೆಷಿನ್ ಎಣ್ಣೆ ಸವರಿದರೆ ಸಾಕು. ಎಣ್ಣೆಯ ಪದರ ನೀರು, ಗಾಳಿ ತಾಗದಂತೆ ತಡೆಯುತ್ತದೆ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ದಪ್ಪ ರಟ್ಟು, ಸ್ಕೇಲು, ಪೆನ್ಸಿಲ್, ತೆಳು ಬಿಳಿ ಕಾಗದ.

1. ರಟ್ಟಿನಲ್ಲಿ ಲಂಬಕೋನ ತ್ರಿಭುಜ ಕತ್ತರಿಸಿ. ಪಾದ 25 ಸೆಂ.ಮೀ., ಎತ್ತರ 2.5 ಸೆಂ.ಮೀ. ಇರಲಿ. ಚೂಪು ತುದಿಯಿಂದ ಪಾದದ ಮೇಲೆ ಸೆಂ.ಮೀ. ಗುರುತು ಹಾಕಿ.
2. ಸ್ಪ್ಯಾನರನ್ನು ಎತ್ತಿ ಹಿಡಿದು, ಚೂಪು ತುದಿಯನ್ನು ಅದರ ಬಾಯಿಯ ಮೂಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ತೂರಿಸಿ. ಪಾದದ ಅಂಚು ಬಾಯಿಯ ಒಂದು ಬದಿಗೆ ಒತ್ತಿಕೊಂಡಿರಲಿ.
3. ರಟ್ಟು ತಡೆದು ನಿಂತ ಕಡೆ, ಅಗಲವಾದ ಭಾಗ ಇರುವ ಬದಿಯಲ್ಲಿ ಗುರುತು ಓದಿ. 13.3 ಸೆಂ.ಮೀ. ಇದ್ದರೆ ಬಾಯಿಯ ಅಗಲ 13.3 ಮಿ.ಮೀ.!
4. ಅಕ್ಷರಗಳ ಮೇಲೆ ಕಾಗದ ಇಟ್ಟು ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಕಣ್ಣಿಗೆ ಕಾಣದ ಅಕ್ಷರವೂ ಕಾಗದದಲ್ಲಿ ಮೂಡೀತು.
5. ಪುಸ್ತಕದಲ್ಲಿ ಬರೆಯಿರಿ: ಉಪಕರಣದ ಹೆಸರು, ಉದ್ದ, ಬಾಯಿಯ ಅಗಲ, ಗುರುತು, ಎಲ್ಲಿ ಸಿಕ್ಕಿತು, ಯಾರು ಬಳಸುತ್ತಿದ್ದರು, ಯಾವ ಗಾಡಿಗೆ. ಪಕ್ಕದಲ್ಲಿ ಚಿತ್ರ ಬರೆಯಿರಿ.

ಎಚ್ಚರಿಕೆ: ದೊಡ್ಡವರ ಜೊತೆಯಲ್ಲೇ ಗ್ಯಾರೇಜಿಗೆ ಹೋಗಿ. ಅನುಮತಿ ಕೇಳಿ. ಜಾಕ್ ಮೇಲೆ ನಿಲ್ಲಿಸಿದ ಗಾಡಿಯ ಹತ್ತಿರ ಹೋಗಬೇಡಿ. ತುಕ್ಕು ಹಿಡಿದ ಚೂಪು ವಸ್ತು ತಾಗಿ ಗಾಯವಾದರೆ ಕೂಡಲೇ ತೊಳೆದು, ಹಿರಿಯರಿಗೆ ತಿಳಿಸಿ ವೈದ್ಯರಿಗೆ ತೋರಿಸಿ.

ಸಂಗ್ರಹವೆಂದರೆ ಹಣ ಕೊಟ್ಟು ವಸ್ತು ಕೂಡಿಡುವುದಷ್ಟೇ ಅಲ್ಲ. ಉಪಕರಣವನ್ನು ಅದರ ಒಡೆಯರಲ್ಲೇ ಬಿಟ್ಟು ಅಳತೆ, ಅಚ್ಚು, ಮಾಹಿತಿಗಳನ್ನು ತಂದರೂ ಅದು ಸಂಗ್ರಹವೇ. ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕೇಳಿ ನೋಡಿ. ಸ್ಪ್ಯಾನರಿನ ಮೇಲೆ ಬರೆದಿರದ ಎಷ್ಟೋ ಸಂಗತಿಗಳು ಅವರ ನೆನಪಿನಲ್ಲಿವೆ.

ಯೋಚಿಸಿ, ಉತ್ತರಿಸಿ

1. ಒಂದೇ ಸ್ಪ್ಯಾನರಿನ ಒಂದೇ ಬಾಯಿಯ ಬಳಿ 1/4 ಡಬ್ಲ್ಯೂ ಎಂದೂ 5/16 ಬಿ.ಎಸ್.ಎಫ್. ಎಂದೂ ಎರಡು ಗುರುತುಗಳಿವೆ. ಎರಡೂ ಸರಿ. ಹೇಗೆ? (ಸುಳಿವು: ಬೇರೆ ದಪ್ಪದ ಬೋಲ್ಟುಗಳಿಗೆ ಒಂದೇ ಅಗಲದ ತಲೆ ಇರಬಹುದೇ?)
2. ದೊಡ್ಡ ನಟ್ಟಿನ ಸ್ಪ್ಯಾನರಿಗೆ ಹಿಡಿಯೂ ಉದ್ದ. ಏಕೆ?
3. ನಿಮ್ಮ ಮನೆಯ ಸೈಕಲ್ಲಿನ ನಟ್ಟುಗಳ ಅಗಲ ಎಷ್ಟು? ಅಳೆದು ಪಟ್ಟಿ ಮಾಡಿ.