ಊರಿನ ಕೋಣೆ ಬಿಚ್ಚುವ ಮುನ್ನ

ಕಳಸದಿಂದ ಹೋಗಿ ಬೆಂಗಳೂರಲ್ಲಿ ನೆಲೆಸಿದವರ ಅತಿಥಿ ಕೋಣೆ ಎಷ್ಟೋ ಸಲ ಪುಟ್ಟ ಮಲೆನಾಡೇ ಆಗಿರುತ್ತದೆ. ಗೋಡೆಗೆ ಕಳಸೇಶ್ವರನ ಗುಡಿ, ಕುದುರೆಮುಖದ ಪಟ. ಮೂಲೆಯಲ್ಲಿ ಮಳೆಗೆ ಹೊದೆಯುವ ಗೊರಬು, ಕಂಬಳಿ. ಮಕ್ಕಳು ಬೆಳೆದು ಓದಲು ಜಾಗ ಬೇಕಾದಾಗ ಅದನ್ನು ಬಿಚ್ಚಲೇಬೇಕಾಗುತ್ತದೆ.

ಗೋಡೆಯ ಮೇಲೆ ಕೊಂಬೇನಾದರೂ ಇದ್ದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದನ್ನು. ಕಡವೆಯದಾಗಲಿ, ಕಾಟಿಯದಾಗಲಿ, ಅಜ್ಜನ ಕಾಲದ್ದೇ ಆಗಲಿ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಮಾರುವಂತಿಲ್ಲ, ಗುಜರಿಗೆ ಹಾಕುವಂತಿಲ್ಲ, ಪ್ರೀತಿಯಿಂದ ಭಾವನಿಗೆ ಕೊಟ್ಟರೂ ಇಬ್ಬರಿಗೂ ತೊಂದರೆ. ಮಾಲೀಕತ್ವದ ಪ್ರಮಾಣಪತ್ರವಿದೆಯೇ ಎಂದು ಹಳೆಯ ಕಾಗದಪತ್ರಗಳಲ್ಲಿ ಹುಡುಕಿ. ಇಲ್ಲವಾದರೆ ವಲಯ ಅರಣ್ಯಾಧಿಕಾರಿಯನ್ನು ಕಂಡು ಒಪ್ಪಿಸುವ ದಾರಿ ಕೇಳಿ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರು ಇಟ್ಟುಕೊಂಡವರ ಮೇಲೆ ಪ್ರಕರಣಗಳು ಎದ್ದಾಗ ಮಲೆನಾಡಿನ ಎಷ್ಟು ಮನೆಗಳು ಕಂಗಾಲಾದವು! ಮುಂದಿನ ವರ್ಷದ ಆರಂಭದಲ್ಲಿ ಇಂಥ ವಸ್ತುಗಳನ್ನು ಹಿಂದಿರುಗಿಸಲು ಸರ್ಕಾರ ಮೂರು ತಿಂಗಳ ಅವಕಾಶವನ್ನೂ ಕೊಟ್ಟಿತ್ತು.

ಉಳಿದದ್ದು ಸುಲಭ. ಪಟಗಳ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಊರು ಬರೆದಿಡಿ. ಮೊಮ್ಮಕ್ಕಳಿಗೆ ಮುಖಗಳ ಗುರುತು ಸಿಗಬೇಕಲ್ಲ.

ಗೊರಬನ್ನು ಮಾತ್ರ ಎಸೆಯಬೇಡಿ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಅದನ್ನು ಹೆಣೆಯುವ ಕೈಗಳೇ ಅಪರೂಪ. ಕಂಬಳಿಯ ಜೊತೆ ಬಿಸಿಲಿಗೆ ಹಾಕಿ, ಊರಿನ ಶಾಲೆಗೋ ನೆಂಟರ ಮನೆಗೋ ಜೂನ್‌ಗೆ ಮುಂಚೆಯೇ ತಲುಪಿಸಿ. ಮಳೆ ಹಿಡಿದ ಮೇಲೆ ಕಳಸದಲ್ಲಿ ಎಲ್ಲಕ್ಕೂ ಬೂಷ್ಟು.