ಕನ್ನರರು ಎಷ್ಟು ಮಂದಿ?

ಹೋದ ಸಂಚಿಕೆಯಲ್ಲಿ, ವೇರೂಳಿನ ಕೈಲಾಸವನ್ನು ಕಡೆಸಿದವನು ಪೊನ್ನ ಕವಿಗೆ ಆಶ್ರಯ ಕೊಟ್ಟ ಕೃಷ್ಣನೆಂದು ಅಚ್ಚಾಯಿತು. ತಪ್ಪು ನಮ್ಮದೇ. ಅದನ್ನು ನಂಬಿ ವೇರೂಳಿಗೆ ಹೋದ ಸದಸ್ಯರೊಬ್ಬರು ಮಕ್ಕಳಿಗೂ ಹಾಗೆಯೇ ಹೇಳಿ ಬಂದರೆಂದು ಕೇಳಿ ನಾಚಿದೆವು. ಒಬ್ಬ ಕೃಷ್ಣಪ್ಪನವರು ಒಯ್ದ ಪುಸ್ತಕವನ್ನು ಇನ್ನೊಬ್ಬ ಕೃಷ್ಣಪ್ಪನವರ ಲೆಕ್ಕಕ್ಕೆ ಬರೆದದ್ದೂ ಇದೇ ಕೈಯೇ!

ಕೃಷ್ಣನೆಂಬ ಹೆಸರು ಪ್ರಾಕೃತದಲ್ಲಿ ಕಣ್ಹ, ಕನ್ನಡ ಶಾಸನಗಳಲ್ಲಿ ಕನ್ನರ. ಎಲ್ಲರಿಗಿಂತ ಹಳಬನು ನಮ್ಮ ನೆರೆಯಲ್ಲೇ ಇದ್ದಾನೆ. ಸಾತವಾಹನ ಕುಲದ ಕಣ್ಹನು ಆಳುತ್ತಿದ್ದಾಗ ನಾಸಿಕದ ಒಬ್ಬ ಅಧಿಕಾರಿ ಶ್ರಮಣರಿಗಾಗಿ ಮಾಡಿಸಿದ ಗುಹೆಯೆಂದು ಪಾಂಡವಲೇಣಿಯ 19ನೆಯ ಗುಹೆಯ ಶಾಸನ ಹೇಳುತ್ತದೆ. ಇದು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತು.

ಕೈಲಾಸದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ದಂತಿದುರ್ಗನಿಗೆ ಗಂಡುಮಕ್ಕಳಿಲ್ಲದ್ದರಿಂದ ಚಿಕ್ಕಪ್ಪನಾದ ಇವನಿಗೆ ಪಟ್ಟ ಬಂದಿತು. ಸುಮಾರು 756ರಿಂದ 774ರ ವರೆಗೆ ಆಳಿದನು. ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ದೇವಾಲಯವನ್ನು ಬಿಡಿಸಿದರು. ಇದನ್ನು ತಾನು ಹೇಗೆ ಮಾಡಿದೆನೋ ಎಂದು ಶಿಲ್ಪಿಯೇ ಬೆರಗಾದನೆಂದು 812ರ ಬರೋಡಾ ತಾಮ್ರಪಟದಲ್ಲಿದೆ.

ಎರಡನೆಯ ಕೃಷ್ಣನು (878–914) ನೃಪತುಂಗನ ಮಗ. ವೆಂಗಿಯ ಚಾಳುಕ್ಯರೊಡನೆ ಕಾದು ದಣಿದವನು. ಅವನ ವಿಷಯ ಇಷ್ಟು ಸಾಕು.

ಪೊನ್ನನಿಗೆ ಉಭಯಕವಿ ಚಕ್ರವರ್ತಿ ಎಂಬ ಬಿರುದಿತ್ತವನು ಮೂರನೆಯ ಕೃಷ್ಣ (939–967). ಕೈಲಾಸದವನಿಗೂ ಇವನಿಗೂ ಸುಮಾರು 180 ವರ್ಷಗಳ ಅಂತರ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಇವನ ಪಕ್ಷದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಇವನನ್ನು ಹೊಗಳುವ ಕನ್ನಡ ಶಾಸನವೊಂದು ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾದಲ್ಲಿ ಸಿಕ್ಕಿದೆ. ಊರು ಬಿಟ್ಟು ಬಂದ ನಮಗೆ, ನಮ್ಮ ಅಕ್ಷರ ನಮಗಿಂತ ಮುಂಚೆಯೇ ಅಷ್ಟು ದೂರ ಹೋಗಿತ್ತೆಂಬುದು ಸಂತೋಷದ ಸಂಗತಿ.

ಒಂದನೆಯ, ಎರಡನೆಯ ಎಂಬ ಅಂಕೆಗಳು ಈಚಿನ ಇತಿಹಾಸಕಾರರು ಇಟ್ಟವು, ಶಾಸನದಲ್ಲಿ ಅವಿಲ್ಲ. ಬಿರುದು ನೋಡೋಣವೆಂದರೆ ಮೂವರೂ ಅಕಾಲವರ್ಷರು. ತಂದೆಯ ಹೆಸರು ನೋಡೋಣವೆಂದರೆ ಕೊನೆಯ ಇಬ್ಬರ ತಂದೆಯರೂ ಅಮೋಘವರ್ಷರೇ! ಆದ್ದರಿಂದ ಶಾಸನದಲ್ಲಿ ಮೊದಲು ಶಕವರ್ಷವನ್ನು ಹುಡುಕಬೇಕು. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ.

ಸಂಭಾಜಿನಗರದಿಂದ ವೇರೂಳಿಗೆ ಹೋಗುವಾಗ ದಾರಿಯಲ್ಲೇ ದೇವಗಿರಿ ಕೋಟೆ. ಅಲ್ಲಿ 1246ರಿಂದ 1261ರ ವರೆಗೆ ಆಳಿದ ಸಿಂಘಣನ ಮೊಮ್ಮಗನೂ ಕನ್ನರನೇ, ಆದರೆ ಯಾದವ ವಂಶದವನು. ಇವನ ಬಳಿಕ ತಮ್ಮ ಮಹಾದೇವನು ಪಟ್ಟಕ್ಕೆ ಬಂದನು.

ಹೋದ ಸಂಚಿಕೆಯನ್ನು ಇಟ್ಟುಕೊಂಡಿರುವ ಸದಸ್ಯರು ದಯವಿಟ್ಟು ಪೊನ್ನನ ಹೆಸರನ್ನು ಹೊಡೆದುಹಾಕಿ, ಕೃಷ್ಣನ ಹಿಂದೆ 'ಒಂದನೆಯ' ಎಂದು ಬರೆದುಕೊಳ್ಳಬೇಕು.