12 ಲಕ್ಷದ ರಿಯಾಯಿತಿ: ಹೋಟೇಲಿಗೆಷ್ಟು, ಮನೆಗೆಷ್ಟು?



2025ರ ಫೆಬ್ರವರಿ 1ರ ಬಜೆಟ್ಟಿನ ನಂತರ ನಮ್ಮವರು ಎಲ್ಲಿ ಸೇರಿದರೂ ಒಂದೇ ಮಾತು: 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ. ಮಾತು ಸರಿಯೇ. ಆದರೆ ಅದು ಯಾರಿಗೆ ಎಂದು ಕೇಳುವವರು ಕಡಿಮೆ. ಈ ರಿಯಾಯಿತಿ ವ್ಯಕ್ತಿಗೆ ಸಿಗುತ್ತದೆ, ಪಾಲುದಾರಿಕೆಯ ಫರ್ಮಿಗೆ ಸಿಗುವುದಿಲ್ಲ. ಮುಂಬಯಿಯ ನಮ್ಮ ಹೋಟೇಲುಗಳಲ್ಲಿ ಅಣ್ಣ-ತಮ್ಮ, ಭಾವ-ಮೈದುನ ಕೂಡಿ ನಡೆಸುವ ಫರ್ಮುಗಳು ಬಹಳ. ಫರ್ಮಿಗೆ ಸ್ಲ್ಯಾಬ್ ಎಂಬುದೇ ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ಶೇ. 30, ಅದರ ಮೇಲೆ ಶೇ. 4ರ ಸೆಸ್. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವನು, ಗಲ್ಲಾದಲ್ಲಿ ಕುಳಿತು ಕಲಿತ ಲೆಕ್ಕ ನನ್ನದು. ಕಾಯ್ದೆಯ ಕಲಮುಗಳನ್ನು ಸಿಎಯವರಿಗೆ ಬಿಟ್ಟು ಅಂಕಿಯಲ್ಲೇ ಹೇಳುತ್ತೇನೆ.

ಘಾಟ್‌ಕೋಪರಿನಲ್ಲಿ ಇಬ್ಬರು ಅಣ್ಣ-ತಮ್ಮಂದಿರ ಒಂದು ಹೋಟೇಲು ಇದೆ ಎಂದುಕೊಳ್ಳಿ. ಬಾಡಿಗೆ, ಹುಡುಗರ ಸಂಬಳ, ಗ್ಯಾಸು, ದಿನಸಿ ಎಲ್ಲ ಕಳೆದು ವರ್ಷಕ್ಕೆ 24 ಲಕ್ಷ ಲಾಭ. ಇಬ್ಬರೂ ಸಂಬಳ ಎಂದು ತೆಗೆದುಕೊಳ್ಳುವುದಿಲ್ಲ. ಮನೆಗೆ ಬೇಕಾದಾಗ ಗಲ್ಲಾದಿಂದ ಎತ್ತಿ ಖಾತೆಯಲ್ಲಿ ಬರೆಸುತ್ತಾರೆ. ಆಗ ಫರ್ಮು ಕಟ್ಟಬೇಕಾದ ತೆರಿಗೆ 7,48,800 ರೂ.

ಅದೇ ಹೋಟೇಲಿನ ಪಾಲುದಾರಿಕೆ ಪತ್ರದಲ್ಲಿ ದುಡಿಯುವ ಪಾಲುದಾರರಿಗೆ ಸಂಬಳ ಕೊಡುವ ಶರತ್ತು ಇದ್ದರೆ ಲೆಕ್ಕ ಬೇರೆ. ಕಾಯ್ದೆಯ ಪ್ರಕಾರ ಲಾಭದ ಮೊದಲ 6 ಲಕ್ಷದ ಮೇಲೆ ಶೇ. 90, ಉಳಿದುದರ ಮೇಲೆ ಶೇ. 60ರವರೆಗೆ ಸಂಬಳವನ್ನು ಫರ್ಮಿನ ಖರ್ಚಾಗಿ ಹಾಕಬಹುದು. ಅಂದರೆ 5.40 ಲಕ್ಷ ಮತ್ತು 10.80 ಲಕ್ಷ, ಒಟ್ಟು 16.20 ಲಕ್ಷ. ತಲಾ 8.10 ಲಕ್ಷ. ಫರ್ಮಿನಲ್ಲಿ ಉಳಿಯುವುದು 7.80 ಲಕ್ಷ, ಅದಕ್ಕೆ ತೆರಿಗೆ 2,43,360 ರೂ. ಅಣ್ಣ-ತಮ್ಮಂದಿರಿಗೆ ಬೇರೆ ಆದಾಯವಿಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ಅವರ ಕೈಯಲ್ಲಿ ತೆರಿಗೆ ಸೊನ್ನೆ. ಫರ್ಮಿನಲ್ಲಿ ಉಳಿದ ಲಾಭದ ಪಾಲು ಅವರಿಗೆ ಬಂದಾಗ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಎರಡು ಲೆಕ್ಕಗಳ ನಡುವಿನ ಅಂತರ 5,05,440 ರೂ. ಇಷ್ಟು ದುಡ್ಡು ಒಂದು ಹಳೆಯ ಪತ್ರವನ್ನು ತಿದ್ದಿಸದ ಕಾರಣಕ್ಕೆ ಹೋಗುತ್ತದೆ. ಎಷ್ಟೋ ಫರ್ಮುಗಳ ಪತ್ರ ತಂದೆಯವರ ಕಾಲದ್ದು, ಅದು ಯಾವ ಕಪಾಟಿನಲ್ಲಿದೆ ಎಂದು ಸಹ ಮಕ್ಕಳಿಗೆ ತಿಳಿಯದು. ಹುಡುಕಿ ಓದಿಸಿ. ಸಂಬಳದ ಮೊತ್ತವನ್ನು ಅಥವಾ ಅದನ್ನು ಲೆಕ್ಕ ಹಾಕುವ ಕ್ರಮವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಪೂರ್ತಿ ಲೆಕ್ಕಪತ್ರ ಇಡದೆ ವ್ಯಾಪಾರದ ಮೇಲೆ ಶೇ. 8 ಅಥವಾ 6ರ ಅಂದಾಜು ಲಾಭ ತೋರಿಸುವ ಫರ್ಮುಗಳಿಗೆ ಈ ಸಂಬಳದ ಕಡಿತ ಸಿಗುವುದಿಲ್ಲ.

ಈಗ ಮನೆಯ ಕಡೆಗೆ ಬರೋಣ. 2025 ಏಪ್ರಿಲ್ 1ರಿಂದ ಪಾಲುದಾರನ ಸಂಬಳ, ಬಡ್ಡಿ ವರ್ಷಕ್ಕೆ 20,000 ರೂ. ಮೀರಿದರೆ ಫರ್ಮು ಶೇ. 10 ಟಿಡಿಎಸ್ ಹಿಡಿಯಬೇಕು. ಮೇಲಿನ ಲೆಕ್ಕದಲ್ಲಿ ತಿಂಗಳ ಸಂಬಳ 67,500. ಮನೆಗೆ ಬರುವುದು 60,750. ವರ್ಷಕ್ಕೆ 81,000 ರೂ. ಸರಕಾರದಲ್ಲಿ ಕೂರುತ್ತದೆ. ರಿಟರ್ನ್ ತುಂಬಿದ ಮೇಲೆ ವಾಪಸು ಬರುತ್ತದೆ ನಿಜ, ಆದರೆ ಫರ್ಮಿಗೆ ಆಡಿಟ್ ಇದ್ದರೆ ಪಾಲುದಾರನ ರಿಟರ್ನೂ ಹೆಚ್ಚಾಗಿ ಅದರ ಜತೆಗೇ ಅಕ್ಟೋಬರಿಗೆ ಹೋಗುವುದು ನಮ್ಮ ರೂಢಿ. ಮಕ್ಕಳ ಶಾಲೆ-ಕಾಲೇಜಿನ ಫೀಸು ಜೂನಿನಲ್ಲಿ! ಹಾಗಾಗಿ ಮನೆಯ ಖರ್ಚನ್ನು 60,750ರ ಮೇಲೆಯೇ ಕೂರಿಸಿ, ರಿಫಂಡನ್ನು ಬರುವ ವರ್ಷದ ಫೀಸಿಗೆಂದು ಬೇರೆ ಖಾತೆಯಲ್ಲಿಡುವುದು ಒಳ್ಳೆಯದು.

ಮನೆಯಾಕೆಗೂ ಸಂಬಳ ಹಾಕಿ ತೆರಿಗೆ ಉಳಿಸೋಣ ಎನ್ನುವವರಿದ್ದಾರೆ. ಗಂಡನಿಗೆ ಫರ್ಮಿನಲ್ಲಿ ಶೇ. 20 ಅಥವಾ ಹೆಚ್ಚಿನ ಪಾಲಿದ್ದು, ಹೆಂಡತಿಗೆ ಆ ಕೆಲಸಕ್ಕೆ ತಕ್ಕ ತಾಂತ್ರಿಕ ಯಾ ವೃತ್ತಿಪರ ಅರ್ಹತೆ ಇಲ್ಲದಿದ್ದರೆ ಆ ಸಂಬಳ ಗಂಡನ ಆದಾಯಕ್ಕೇ ಸೇರುತ್ತದೆ.

ಹಳೆಯ ಪದ್ಧತಿಯೋ ಹೊಸತೋ ಎಂಬ ಪ್ರಶ್ನೆಗೆ ಡೊಂಬಿವಲಿಯಲ್ಲಿ ಸಾಲ ಮಾಡಿ ಫ್ಲ್ಯಾಟು ತೆಗೆದುಕೊಂಡವರ ಲೆಕ್ಕ ನೋಡಿ. ಆದಾಯ 12 ಲಕ್ಷ, ಎಲ್‌ಐಸಿ-ಪಿಪಿಎಫ್ ಇತ್ಯಾದಿ ಒಂದೂವರೆ ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ. ಇಷ್ಟು ಕಳೆದರೂ ಹಳೆಯ ಪದ್ಧತಿಯಲ್ಲಿ 85,800 ರೂ. ತೆರಿಗೆ. ಹೊಸತರಲ್ಲಿ ಏನೂ ಕಳೆಯದೆಯೇ ಸೊನ್ನೆ. ಒಂದು ಎಚ್ಚರಿಕೆ: ನೌಕರಿಯವರಂತೆ ನಾವು ವರ್ಷವರ್ಷ ಅತ್ತಿಂದಿತ್ತ ಹಾರುವಂತಿಲ್ಲ. ವ್ಯಾಪಾರದ ಆದಾಯವುಳ್ಳವರು ಹಳೆಯದಕ್ಕೆ ಹೋಗಿ ಒಮ್ಮೆ ಹೊಸತಿಗೆ ಮರಳಿದರೆ, ವ್ಯಾಪಾರ ಇರುವವರೆಗೆ ಮತ್ತೆ ಹಳೆಯದು ಸಿಗದು.

ನನಗೆ ಹೆಚ್ಚು ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ಮೊದಲು ಮಾರ್ಚ್ ಬಂತೆಂದರೆ ಎಲ್‌ಐಸಿ ಏಜೆಂಟರು ಗಲ್ಲಾದ ಮುಂದೆ ಚಹಾ ಕುಡಿಯುತ್ತ ಕೂರುತ್ತಿದ್ದರು. ಟ್ಯಾಕ್ಸ್ ಉಳಿಸಲೆಂದೇ ಆದರೂ ಒಂದೂವರೆ ಲಕ್ಷ ಬದಿಗೆ ಬೀಳುತ್ತಿತ್ತು. 2023-24ರಿಂದ ಹೊಸ ಪದ್ಧತಿಯೇ ಮೂಲ ಪದ್ಧತಿಯಾಯಿತು, ಅದರಲ್ಲಿ ಈ ಕಡಿತ ಇಲ್ಲ, ಈಗ ಒತ್ತಾಯವೂ ಇಲ್ಲ. ನಮ್ಮ ವೇಟರಿಗೆ, ಕುಕ್ಕಿಗೆ ಪಿಎಫ್ ಕಟ್ಟುತ್ತೇವೆ. ಮಾಲಕನಿಗೆ ಪಿಎಫ್ ಇಲ್ಲ, ಪೆನ್ಶನ್ ಇಲ್ಲ. ಮಗ ಕಂಪೆನಿ ಕೆಲಸಕ್ಕೆ ಹೋದ ಮೇಲೆ ಹೋಟೇಲನ್ನು ಕಂಡಕ್ಟಿಂಗಿಗೆ ಕೊಟ್ಟು ಆ ದುಡ್ಡಿನಲ್ಲೇ ದಿನ ಕಳೆಯುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಉಳಿದ ತೆರಿಗೆ ಮದುವೆ ಹಾಲಿಗೋ ಹೊಸ ಕಾರಿಗೋ ಹೋಗುವ ಮೊದಲು ಪಿಪಿಎಫ್‌ಗೆ ಹೋಗಲಿ. ಹೊಸ ಪದ್ಧತಿಯಲ್ಲಿ ಕಟ್ಟಿದ ಹಣಕ್ಕೆ ಕಡಿತ ಇಲ್ಲವಾದರೂ ಅದರ ಬಡ್ಡಿಗೆ ತೆರಿಗೆ ಇಲ್ಲ. ಹಾಗೆಯೇ 2025 ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಯ ಪ್ರೀಮಿಯಮ್ಮಿನ ಮೇಲಿದ್ದ ಜಿಎಸ್‌ಟಿ ತೆಗೆದುಹಾಕಿದ್ದಾರೆ. ಇಡೀ ಸಂಸಾರಕ್ಕೆ ಒಂದೇ ಪಾಲಿಸಿ ಮಾಡಿದವರಿಗೂ ಇದು ಅನ್ವಯ. ಗ್ರೂಪ್ ಪಾಲಿಸಿಗಳಿಗೆ ಇಲ್ಲ. 30,000 ರೂ.ಯ ಪ್ರೀಮಿಯಮ್ಮಿಗೆ ಮೊದಲು 5,400 ರೂ. ಜಿಎಸ್‌ಟಿ ಬೀಳುತ್ತಿತ್ತು. ರಿನ್ಯೂವಲ್ ನೋಟಿಸಿನಲ್ಲಿ ಜಿಎಸ್‌ಟಿ ಇಳಿದಿದೆಯೇ ನೋಡಿಕೊಳ್ಳಿ.

ಬಿಲ್ಲಿನಲ್ಲಿ ತೆಗೆದುಕೊಳ್ಳುವ ಶೇ. 5ರ ಜಿಎಸ್‌ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2017 ನವೆಂಬರ್ 15ರಿಂದ ನಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ತಿಂಗಳ ಬಾಡಿಗೆ 2 ಲಕ್ಷವಾದರೆ ಅದರ ಮೇಲಿನ 36,000 ರೂ. ನಮ್ಮದೇ ಖರ್ಚು. ಗಿರಾಕಿಯಿಂದ ಬಂದ ಶೇ. 5 ಮಾತ್ರ ಗಲ್ಲಾದಲ್ಲಿ ಬೆರೆತು ಮನೆಗೆ ಹೋಗಬಾರದು. 20ನೇ ತಾರೀಕಿನಂದು ಕೈಗಡ ಕೇಳುವ ಪರಿಸ್ಥಿತಿ ಹೆಚ್ಚಾಗಿ ಇದರಿಂದಲೇ.

ಊರಿನ ಜಾಗ ಮಾರುವ ಯೋಚನೆ ಇದ್ದವರು ಇದನ್ನು ಗಮನಿಸಿ. 12 ಲಕ್ಷದ ರಿಯಾಯಿತಿ ಜಾಗ ಮಾರಿದ ಲಾಭಕ್ಕೆ ಸಿಗುವುದಿಲ್ಲ. ಆ ಲಾಭಕ್ಕೆ ಶೇ. 12.5ರ ಪ್ರತ್ಯೇಕ ತೆರಿಗೆ. 2024 ಜುಲೈ 23ರ ಮೊದಲು ಕೈಸೇರಿದ ಜಾಗವಾದರೆ ಬೆಲೆಯೇರಿಕೆಯ ಸೂಚ್ಯಂಕ ಹಿಡಿದು ಶೇ. 20ರ ಲೆಕ್ಕವನ್ನೂ ಹಾಕಿಸಿ, ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. ಮುನ್ಸಿಪಾಲಿಟಿ ಗಡಿಯಿಂದ ನಿಗದಿತ ದೂರದಾಚೆ ಇರುವ ಕೃಷಿ ಜಮೀನಿಗೆ ಈ ತೆರಿಗೆಯೇ ಇಲ್ಲ. ಆ ದೂರ ಪೇಟೆಯ ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿ.ಮೀ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಆರ್‌ಟಿಸಿ ಹಿಡಿದುಕೊಂಡು ಹೋಗಿ ಸಿಎಯವರನ್ನು ಕಾಣಿ.